ಮೂರನೇ ತಿಂಗಳಲ್ಲೇ ಏದುಸಿರು ಯಾಕೆ? ಹೆಣ್ಣಿನ ಹಾರ್ಮೋನು ಉಸಿರಾಟಕ್ಕೆ ಮಾಡುವುದೇನು

ನನ್ನ ತಂಗಿಗೆ ಆಗ ಮೂರನೇ ತಿಂಗಳು. ಫೋನಿನಲ್ಲಿ ಮಾತಾಡುತ್ತಾ ನಡುವೆಯೇ ನಿಲ್ಲಿಸಿ, ಒಂದು ದೊಡ್ಡ ಉಸಿರು ಎಳೆದುಕೊಂಡು ಮತ್ತೆ ಶುರು ಮಾಡುತ್ತಿದ್ದಳು. "ಸುಮ್ನೆ ಕೂತಿದ್ದೀನಿ ಅಕ್ಕ, ಒಂದು ಮೆಟ್ಟಿಲೂ ಹತ್ತಿಲ್ಲ. ಆದ್ರೂ ಗಾಳಿ ಸಾಕಾಗ್ತಿಲ್ಲ ಅನ್ಸುತ್ತೆ" ಅಂದಳು. ಕೋವಿಡ್ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರ್ ಇನ್ನೂ ಅವರ ಮನೆಯ ಡ್ರಾಯರಿನಲ್ಲಿತ್ತು. ಬೆರಳಿಗೆ ಸಿಕ್ಕಿಸಿ ನೋಡಿದಳು. 98. ಪಕ್ಕದಲ್ಲೇ ಇದ್ದ ಅವಳ ಅತ್ತೆ, "ಹೊಟ್ಟೆ ಮೇಲಕ್ಕೆ ಒತ್ತುತ್ತೆ ಕಣಮ್ಮ, ಎಲ್ಲರಿಗೂ ಹಾಗೇ" ಎಂದು ಸಮಾಧಾನ ಹೇಳಿದರು.

ಆದರೆ ಮೂರನೇ ತಿಂಗಳಲ್ಲಿ ಒತ್ತುವಷ್ಟು ಹೊಟ್ಟೆ ಎಲ್ಲಿ ಬಂದಿರುತ್ತದೆ? ಗರ್ಭಕೋಶ ಆಗಷ್ಟೇ ಕಿಬ್ಬೊಟ್ಟೆಯಿಂದ ಮೇಲೆ ತಲೆ ಎತ್ತುತ್ತಿರುತ್ತದೆ. ಎದೆಗೂ ಅದಕ್ಕೂ ಇನ್ನೂ ಬಹಳ ದೂರ. ಇತ್ತ ರಕ್ತದಲ್ಲಿ ಆಕ್ಸಿಜನ್‌ಗೆ ಏನೂ ಕೊರತೆಯಿಲ್ಲ. ಹಾಗಿದ್ದರೆ ಈ ಏದುಸಿರು ಎಲ್ಲಿಂದ ಬಂತು?

ಬಂದದ್ದು ಹಾರ್ಮೋನಿನಿಂದ. ಪ್ರೊಜೆಸ್ಟರಾನ್ ಮತ್ತು ಈಸ್ಟ್ರೊಜೆನ್ ಎಂಬ ಹೆಸರು ಕೇಳಿದರೆ ನಮಗೆ ಮುಟ್ಟು, ಬಸಿರು, ಹೆರಿಗೆ ಇಷ್ಟೇ ನೆನಪಾಗುತ್ತದೆ. ಇವೇ ಹಾರ್ಮೋನುಗಳು ನಾವು ಎಷ್ಟು ಗಾಳಿ ಎಳೆದುಕೊಳ್ಳಬೇಕು ಎನ್ನುವುದನ್ನೂ ಬದಲಾಯಿಸುತ್ತವೆ. ಆ ವಿಷಯ ತಿಳಿದುಕೊಂಡರೆ ಬಸುರಿಯ ಏದುಸಿರು ಅರ್ಥವಾಗುತ್ತದೆ. ಎತ್ತರದ ಬೆಟ್ಟದ ಊರುಗಳಲ್ಲಿ ಒಂದು ಕಾಯಿಲೆ ಹೆಂಗಸರಿಗಿಂತ ಗಂಡಸರಿಗೆ ಯಾಕೆ ಜಾಸ್ತಿ ಎನ್ನುವುದೂ, ಐವತ್ತು ದಾಟಿದ ಅಮ್ಮನಿಗೆ ಇದ್ದಕ್ಕಿದ್ದಂತೆ ಗೊರಕೆ ಯಾಕೆ ಶುರುವಾಯಿತು ಎನ್ನುವುದೂ ಸ್ವಲ್ಪ ಮಟ್ಟಿಗೆ ಅರ್ಥವಾಗುತ್ತದೆ.

ಉಸಿರು ಎಳೆಸುವುದು ಯಾರು?

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಕೂತಲ್ಲೇ ಉಸಿರು ಹಿಡಿದುಕೊಳ್ಳಿ. ಅರ್ಧ ನಿಮಿಷ, ಮುಕ್ಕಾಲು ನಿಮಿಷ ಆಗುವಷ್ಟರಲ್ಲಿ ಎದೆಯೊಳಗೆ ಚಡಪಡಿಕೆ ಶುರುವಾಗುತ್ತದೆ. ಆಕ್ಸಿಜನ್ ಮುಗಿಯಿತು ಅಂತ ನಮಗೆ ಅನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಆಕ್ಸಿಮೀಟರ್ ನೋಡಿದರೆ ಅಂಕಿ ಹೆಚ್ಚೇನೂ ಇಳಿದಿರುವುದಿಲ್ಲ. ಚಡಪಡಿಕೆ ತಂದದ್ದು ಹೊರಗೆ ಹೋಗಲಾರದೆ ರಕ್ತದಲ್ಲಿ ಏರುತ್ತಿರುವ ಕಾರ್ಬನ್ ಡೈಆಕ್ಸೈಡ್. ಮಾಮೂಲಿ ಹೊತ್ತಿನಲ್ಲಿ ನಮ್ಮ ಉಸಿರಾಟದ ಲಗಾಮು ಈ ಅನಿಲದ ಕೈಯಲ್ಲೇ ಇರುತ್ತದೆ. ಇದನ್ನು 1905ರಲ್ಲಿ ಆಕ್ಸ್‌ಫರ್ಡ್‌ನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಚೆನ್ನಾಗಿ ತೋರಿಸಿಕೊಟ್ಟರು.

ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ನೀರು ಸೇರುವ ಒಂದು ಗುಂಡಿ ಇರುತ್ತದೆ, ನೋಡಿರುತ್ತೀರಿ. ಅದರೊಳಗೆ ಒಂದು ಪಂಪು, ಒಂದು ಫ್ಲೋಟು. ನೀರು ಒಂದು ಮಟ್ಟಕ್ಕೆ ಏರಿದರೆ ಫ್ಲೋಟು ಮೇಲೆದ್ದು ಪಂಪು ತಾನಾಗಿ ಆನ್ ಆಗುತ್ತದೆ. ನೀರು ಇಳಿದರೆ ನಿಲ್ಲುತ್ತದೆ. ನಮ್ಮ ದೇಹದಲ್ಲೂ ಹೀಗೇ. ಜೀವಕೋಶಗಳು ಕೆಲಸ ಮಾಡಿದಂತೆಲ್ಲ ಕಾರ್ಬನ್ ಡೈಆಕ್ಸೈಡ್ ಬಂದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಶ್ವಾಸಕೋಶ ಅದನ್ನು ಹೊರಹಾಕುವ ಪಂಪು. ಫ್ಲೋಟು ಇರುವುದು ಮೆದುಳಿನ ಬುಡದಲ್ಲಿ, ತಲೆ ಕತ್ತಿಗೆ ಕೂಡುವ ಕಡೆ. ಅಲ್ಲಿನ ಕೆಲವು ನರಕೋಶಗಳು ಕಾರ್ಬನ್ ಡೈಆಕ್ಸೈಡ್‌ನಿಂದ ಆಗುವ ಹುಳಿಯನ್ನು, ಅಂದರೆ ಆಮ್ಲವನ್ನು, ಸದಾ ಗಮನಿಸುತ್ತಿರುತ್ತವೆ.

ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎನ್ನುವುದನ್ನು ಬಿಪಿ ಅಳೆಯುವ ಹಾಗೆ ಪಾದರಸದ ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಅದು 40ರ ಆಸುಪಾಸಿನಲ್ಲಿರುತ್ತದೆ. ಈ 40 ಎನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಕ್ಸಿಜನ್ ನೋಡಿಕೊಳ್ಳಲು ಬೇರೆ ಕಾವಲುಗಾರರಿದ್ದಾರೆ. ದವಡೆಯ ಕೆಳಗೆ, ಕತ್ತಿನ ನಾಡಿ ಮಿಡಿಯುವ ಜಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಅಕ್ಕಿಕಾಳಿನಷ್ಟು ದೊಡ್ಡ ಅಂಗಗಳಿವೆ. ಇವಕ್ಕೆ ಕೆರೋಟಿಡ್ ಬಾಡಿ ಎನ್ನುತ್ತಾರೆ. ಮೆದುಳಿಗೆ ಹೋಗುವ ರಕ್ತದ ದಾರಿಯಲ್ಲೇ ಕೂತು ಆಕ್ಸಿಜನ್ ಎಷ್ಟಿದೆ ಎಂದು ಪರೀಕ್ಷಿಸುವುದು ಇವುಗಳ ಕೆಲಸ. ಈ ಕೆಲಸವನ್ನು ಕಂಡುಹಿಡಿದ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್‌ಗೆ 1938ರ ನೊಬೆಲ್ ಬಂತು. ಆಕ್ಸಿಜನ್ ಚೆನ್ನಾಗಿದ್ದಾಗ ಇವು ಬಹುಮಟ್ಟಿಗೆ ಸುಮ್ಮನಿರುತ್ತವೆ. ಆಕ್ಸಿಮೀಟರಿನ ಅಂಕಿ 90ರ ಹತ್ತಿರ ಬರುವಷ್ಟು ಇಳಿದರೆ ಜೋರಾಗಿ ಕೂಗು ಹಾಕುತ್ತವೆ. ಆಗ ಉಸಿರಾಟ ಏರುತ್ತದೆ.

ಫ್ಲೋಟನ್ನು ಕೆಳಗಿಳಿಸುವ ಹಾರ್ಮೋನು

ಈಗ ಯಾರೋ ಗುಂಡಿಗೆ ಇಳಿದು ಫ್ಲೋಟನ್ನು ಒಂದು ಗೇಣು ಕೆಳಗೆ ಕಟ್ಟಿದರು ಅಂದುಕೊಳ್ಳಿ. ಒಳಗೆ ಬರುವ ನೀರು ಅಷ್ಟೇ ಇದೆ. ಪಂಪೂ ಅದೇ. ಆದರೆ ನೀರು ಸ್ವಲ್ಪವೇ ಇದ್ದರೂ ಪಂಪು ಓಡುತ್ತದೆ. ಗುಂಡಿಯ ಮಟ್ಟ ಮೊದಲಿಗಿಂತ ಕೆಳಗೆ ನಿಲ್ಲುತ್ತದೆ. ಪ್ರೊಜೆಸ್ಟರಾನ್ ಮಾಡುವುದು ಇದನ್ನೇ.

ತಿಂಗಳ ಸರದಿಯ ನಡುವಿನಲ್ಲಿ, ಸುಮಾರು ಹದಿನಾಲ್ಕನೇ ದಿನದ ಹೊತ್ತಿಗೆ, ಅಂಡಾಣು ಹೊರಬರುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆದು ಪ್ರೊಜೆಸ್ಟರಾನ್ ಸುರಿಸಲು ಶುರುಮಾಡುತ್ತದೆ. ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಮೈ ಒಂದು ಚೂರು ಬೆಚ್ಚಗಿರುತ್ತದೆ, ಡಿಗ್ರಿಯ ಮೂರರಿಂದ ಐದು ಹತ್ತನೇ ಭಾಗದಷ್ಟು. ಅದೇ ದಿನಗಳಲ್ಲಿ ರಕ್ತದ ಕಾರ್ಬನ್ ಡೈಆಕ್ಸೈಡ್ ಕೂಡ ಕೆಲವು ಮಿಲಿಮೀಟರ್ ಇಳಿದಿರುತ್ತದೆ. ಅಂದರೆ ಪ್ರತಿ ತಿಂಗಳ ಎರಡನೇ ಭಾಗದಲ್ಲಿ ಹೆಣ್ಣಿನ ದೇಹ ತುಸು ಜಾಸ್ತಿ ಉಸಿರಾಡುತ್ತದೆ. ಇದು ಎಷ್ಟು ಸಣ್ಣ ಬದಲಾವಣೆಯೆಂದರೆ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಓಟಗಾರ್ತಿಯರ ಸಾಮರ್ಥ್ಯದ ಮೇಲೆ ಇದರಿಂದ ಏನಾಗುತ್ತದೆ ಎಂದು ಮಾಡಿದ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಹಾಗಾಗಿ "ಆ ದಿನಗಳಲ್ಲಿ ಓಡಬೇಡ" ಎನ್ನಲು ಇದು ಕಾರಣವಾಗಲಾರದು.

ಹಾರ್ಮೋನು ಕೆಲಸ ಮಾಡಬೇಕಾದರೆ ಜೀವಕೋಶದಲ್ಲಿ ಅದು ಹೊಕ್ಕಿ ಕೂರುವ ಜಾಗ ಇರಬೇಕು. ಬೀಗ ಇದ್ದರೆ ತಾನೆ ಕೀಲಿಕೈಗೆ ಕೆಲಸ? ಪ್ರೊಜೆಸ್ಟರಾನ್ ಕೀಲಿಕೈ ಆದರೆ, ಅದರ ಬೀಗಗಳನ್ನು ಜಾಸ್ತಿ ಮಾಡಿಕೊಡುವುದು ಈಸ್ಟ್ರೊಜೆನ್. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ: ಈಸ್ಟ್ರೊಜೆನ್ ಮೊದಲೇ ಸಿಕ್ಕಿದ್ದರೆ ಪ್ರೊಜೆಸ್ಟರಾನ್ ಉಸಿರಾಟವನ್ನು ಚೆನ್ನಾಗಿ ಏರಿಸುತ್ತದೆ. ಮನುಷ್ಯರಲ್ಲೂ ಎರಡು ಜೊತೆಯಾದಾಗ ಪರಿಣಾಮ ಗಟ್ಟಿ. ಇವು ಮೆದುಳಿನ ಫ್ಲೋಟನ್ನು ಮುಟ್ಟುವುದರ ಜೊತೆಗೆ ಕತ್ತಿನ ಆ ಅಕ್ಕಿಕಾಳಿನ ಕಾವಲುಗಾರರನ್ನೂ ಚುರುಕು ಮಾಡುತ್ತವೆ. ಗಬ್ಬದ ಬೆಕ್ಕುಗಳಲ್ಲಿ ಅಳೆದಾಗ ಕೆರೋಟಿಡ್ ಬಾಡಿ ಆಕ್ಸಿಜನ್ ಕೊರತೆಗೆ ಮಾಮೂಲಿಗಿಂತ ಜೋರಾಗಿ ಸ್ಪಂದಿಸಿದ್ದು ಕಂಡುಬಂತು.

ಗಂಡಸರಿಗೆ ಪ್ರೊಜೆಸ್ಟರಾನ್ ಕೊಟ್ಟರೂ ಉಸಿರಾಟ ಏರುತ್ತದೆ. ಅಂದರೆ ಈ ವ್ಯವಸ್ಥೆ ಎಲ್ಲರ ಮೆದುಳಿನಲ್ಲೂ ಇದೆ. ಹೆಂಗಸರಲ್ಲಿ ಅದನ್ನು ತಿಂಗಳು ತಿಂಗಳೂ ಏರಿಸಿ ಇಳಿಸುವ ಹಾರ್ಮೋನು ಇದೆ, ಅಷ್ಟೇ ವ್ಯತ್ಯಾಸ.

ಇಬ್ಬರಿಗಾಗಿ ಉಸಿರಾಡುವುದು

ಬಸಿರಿನಲ್ಲಿ ಪ್ರೊಜೆಸ್ಟರಾನ್ ಇಳಿಯುವ ಮಾತೇ ಇಲ್ಲ. ಮೊದಲು ಆ ಹಳದಿ ಗಂಟು, ಆಮೇಲೆ ಮಾಸು ಅದನ್ನು ತಯಾರಿಸುತ್ತಾ ಹೋಗುತ್ತದೆ. ಕೊನೆಯ ತಿಂಗಳುಗಳ ಹೊತ್ತಿಗೆ ಅದರ ಮಟ್ಟ ಮಾಮೂಲಿ ತಿಂಗಳಿನ ಗರಿಷ್ಠಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಫ್ಲೋಟು ಪೂರಾ ಕೆಳಗಿಳಿಯುತ್ತದೆ. 40 ಇದ್ದ ಕಾರ್ಬನ್ ಡೈಆಕ್ಸೈಡ್ 30ರ ಹತ್ತಿರ ಬಂದು ನಿಲ್ಲುತ್ತದೆ. ಈ ಇಳಿಕೆಯನ್ನು ಡೆನ್ಮಾರ್ಕಿನ ಹಾಸೆಲ್‌ಬಾಲ್ಕ್ 1912ರಲ್ಲೇ ಗುರುತಿಸಿದ್ದರು. ಪ್ರೊಜೆಸ್ಟರಾನ್ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ.

ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೇವೆ ಎನ್ನುವುದು ಬಸುರಿಯರಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಪ್ರತಿ ಉಸಿರೂ ದೊಡ್ಡದಾಗುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಅರ್ಧ ಲೀಟರ್ ಗಾಳಿ ಎಳೆಯುತ್ತಿದ್ದವಳು ಈಗ ಅದಕ್ಕಿಂತ ಸಾಕಷ್ಟು ಜಾಸ್ತಿ ಎಳೆಯುತ್ತಾಳೆ. ಒಟ್ಟು ಲೆಕ್ಕ ಹಾಕಿದರೆ ನಿಮಿಷಕ್ಕೆ ಶೇಕಡಾ 30ರಿಂದ 50ರಷ್ಟು ಹೆಚ್ಚು ಗಾಳಿ ಓಡಾಡುತ್ತದೆ. ಆದರೆ ತಾಯಿ-ಮಗುವಿಗೆ ಹೆಚ್ಚಿಗೆ ಬೇಕಾಗುವ ಆಕ್ಸಿಜನ್ ಸುಮಾರು ಶೇಕಡಾ 20ರಷ್ಟು. ಬೇಕಾದ್ದಕ್ಕಿಂತ ಉಸಿರಾಟ ಜಾಸ್ತಿ ಆಯಿತು, ಅಲ್ವಾ? ಈ ಹೆಚ್ಚಿನ ಉಸಿರಾಟವನ್ನೇ ಕೆಲವರ ಮನಸ್ಸು "ಗಾಳಿ ಸಾಲುತ್ತಿಲ್ಲ" ಎಂದು ಓದಿಕೊಳ್ಳುತ್ತದೆ. ಹತ್ತು ಬಸುರಿಯರಲ್ಲಿ ಆರೇಳು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಹೀಗೆ ಅನಿಸುತ್ತದೆ. ನನ್ನ ತಂಗಿಯ ಆಕ್ಸಿಮೀಟರಿಗೆ ಇದು ಗೊತ್ತಾಗುವ ಹಾಗೇ ಇರಲಿಲ್ಲ. ಅದು ಆಕ್ಸಿಜನ್ ಮಾತ್ರ ನೋಡುತ್ತದೆ, ಕಾರ್ಬನ್ ಡೈಆಕ್ಸೈಡ್ ಅದಕ್ಕೆ ಕಾಣುವುದಿಲ್ಲ.

ದೇಹ ಹೀಗೆ ದುಂದುವೆಚ್ಚ ಮಾಡುವುದು ಯಾಕೆ? ಮಗುವಿಗಾಗಿ. ಹೊಟ್ಟೆಯೊಳಗಿನ ಮಗು ತಾನಾಗಿ ಉಸಿರಾಡಲಾರದು. ಅದರ ಕಾರ್ಬನ್ ಡೈಆಕ್ಸೈಡ್ ಮಾಸಿನ ಮೂಲಕ ತಾಯಿಯ ರಕ್ತಕ್ಕೆ ದಾಟಬೇಕು. ನೀರು ತಗ್ಗಿಗೆ ಹರಿಯುವ ಹಾಗೆ ಅನಿಲವೂ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ. ಮಗುವಿನ ರಕ್ತದಲ್ಲಿ ಅದು 40ಕ್ಕಿಂತ ಮೇಲಿರುತ್ತದೆ. ತಾಯಿಯಲ್ಲೂ 40 ಇದ್ದರೆ ಇಳಿಜಾರು ಸಾಲದು. 30ಕ್ಕೆ ಇಳಿಸಿಕೊಂಡ ತಾಯಿ ಮಗುವಿಗೆ ಒಳ್ಳೆಯ ಇಳಿಜಾರು ಮಾಡಿಕೊಟ್ಟಂತಾಯಿತು. ನನಗೆ ಈ ಸಂಗತಿ ಮೊದಲ ಸಲ ಅರ್ಥವಾದಾಗ ತಕ್ಷಣ ತಂಗಿಗೆ ಫೋನ್ ಮಾಡಿ ಹೇಳಿದ್ದೆ. ಅವಳ ಏದುಸಿರು ಮಗುವಿನ ಉಸಿರೂ ಆಗಿತ್ತು.

ಇನ್ನೊಂದು ಕಡೆ ಕಿಡ್ನಿಗಳೂ ಕೆಲಸಕ್ಕೆ ಇಳಿಯುತ್ತವೆ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದರೆ ರಕ್ತದ ಹುಳಿ ಕಡಿಮೆಯಾಗಿ ಕ್ಷಾರ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಕಿಡ್ನಿಗಳು ಬೈಕಾರ್ಬನೇಟ್ ಎಂಬ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕುತ್ತವೆ.

ಹಾಗಾದರೆ ಅತ್ತೆಯ ಮಾತು ತಪ್ಪೇ? ಪೂರ್ತಿ ತಪ್ಪಲ್ಲ, ಕಾಲ ಬೇರೆ. ಕೊನೆಯ ತಿಂಗಳುಗಳಲ್ಲಿ ಗರ್ಭಕೋಶ ವಪೆಯನ್ನು, ಅಂದರೆ ಎದೆ-ಹೊಟ್ಟೆಯ ನಡುವಿನ ಪರದೆಯನ್ನು, 4 ಸೆಂಟಿಮೀಟರ್‌ವರೆಗೂ ಮೇಲಕ್ಕೆ ತಳ್ಳುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ದಾಸ್ತಾನು ಇದರಿಂದ ಕಡಿಮೆಯಾಗುತ್ತದೆ. ಸಿಸೇರಿಯನ್‌ಗೆ ಪೂರ್ತಿ ಅರಿವಳಿಕೆ ಕೊಡಬೇಕಾಗಿ ಬಂದರೆ ಅರಿವಳಿಕೆ ವೈದ್ಯರು ಮೊದಲೇ ಮಾಸ್ಕ್ ಹಿಡಿದು ಆಕ್ಸಿಜನ್ ತುಂಬಿಸುವುದು ಇದೇ ಕಾರಣಕ್ಕೆ. ದಾಸ್ತಾನು ಕಡಿಮೆ, ಖರ್ಚು ಜಾಸ್ತಿ. ಉಸಿರು ನಿಂತರೆ ಬಸುರಿಯ ಆಕ್ಸಿಜನ್ ಬೇರೆಯವರಿಗಿಂತ ಬೇಗ ಕುಸಿಯುತ್ತದೆ.

ಎಲ್ಲ ಏದುಸಿರೂ ಸಹಜವಲ್ಲ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. "ಹಾರ್ಮೋನು ಕಣಮ್ಮ, ಎಲ್ಲರಿಗೂ ಹಾಗೇ" ಎಂದು ಹೇಳಿ ನಿಜವಾದ ಕಾಯಿಲೆಯನ್ನು ಮುಚ್ಚಿಬಿಡುವ ಅಪಾಯವೂ ಇದೆ.

ಹಾರ್ಮೋನಿನ ಏದುಸಿರು ನಿಧಾನವಾಗಿ ಬರುತ್ತದೆ, ಕೂತಾಗಲೂ ಅನಿಸುತ್ತದೆ, ದಿನದಿನದ ಕೆಲಸಕ್ಕೆ ದೊಡ್ಡ ಅಡ್ಡಿ ಮಾಡುವುದಿಲ್ಲ, ದಿಢೀರನೆ ಏರುವುದಿಲ್ಲ. ಆದರೆ ಉಸಿರುಗಟ್ಟುವಿಕೆ ಇದ್ದಕ್ಕಿದ್ದ ಹಾಗೆ ಶುರುವಾದರೆ, ಎದೆನೋವು ಇದ್ದರೆ, ಅಂಗಾತ ಮಲಗಲು ಆಗದೆ ರಾತ್ರಿ ಎದ್ದು ಕೂರಬೇಕಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ, ತುಟಿ ನೀಲಿಯಾದರೆ, ಆಕ್ಸಿಮೀಟರ್ 95ಕ್ಕಿಂತ ಕೆಳಗೆ ತೋರಿಸುತ್ತಿದ್ದರೆ ಮನೆಯಲ್ಲಿ ಕೂರಬಾರದು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಹೃದಯದ ತೊಂದರೆ ಇರಬಹುದು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾದದ್ದು ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಮೊದಲು ಗೊತ್ತಾಗುವುದೇ ಬಸಿರಿನಲ್ಲಿ.

ರಕ್ತಹೀನತೆಯನ್ನಂತೂ ಮರೆಯಲೇಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಬಸುರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ರಕ್ತಹೀನತೆ ಇದೆ. ಅದರಲ್ಲೂ ಏದುಸಿರು ಬರುತ್ತದೆ, ಮತ್ತು ಆಗಲೂ ಆಕ್ಸಿಮೀಟರ್ 98 ತೋರಿಸಬಹುದು. ರಕ್ತದ ಹಿಮೋಗ್ಲೋಬಿನ್ ಅನ್ನು ಆಕ್ಸಿಜನ್ ಹೊರುವ ಗಾಡಿ ಅಂದುಕೊಳ್ಳಿ. ಇರುವ ಗಾಡಿಗಳೆಲ್ಲ ತುಂಬಿವೆಯೇ ಎಂದಷ್ಟೇ ಆಕ್ಸಿಮೀಟರ್ ನೋಡುತ್ತದೆ. ಗಾಡಿಗಳೇ ಕಡಿಮೆ ಇವೆ ಎನ್ನುವುದು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೆ ಹಿಮೋಗ್ಲೋಬಿನ್ ಪರೀಕ್ಷೆಯೇ ಆಗಬೇಕು.

ಆಸ್ತಮಾ ಇರುವ ಬಸುರಿಯರ ವಿಷಯದಲ್ಲಿ ಆ 40 ಮತ್ತೆ ಬರುತ್ತದೆ. ಜೋರಾದ ಆಸ್ತಮಾದಲ್ಲಿ ಆಸ್ಪತ್ರೆಗೆ ಬಂದಾಗ ರಕ್ತದ ಅನಿಲ ಪರೀಕ್ಷೆ ಮಾಡುತ್ತಾರೆ. ಕಾರ್ಬನ್ ಡೈಆಕ್ಸೈಡ್ 40 ಎಂದು ಬಂದರೆ ರಿಪೋರ್ಟಿನಲ್ಲಿ ಅದು ನಾರ್ಮಲ್ ಎಂದೇ ಅಚ್ಚಾಗಿರುತ್ತದೆ. ಬಸುರಿಗೆ ಅದು ನಾರ್ಮಲ್ ಅಲ್ಲ. 30 ಇರಬೇಕಾದವಳಲ್ಲಿ 40 ಇದೆ ಎಂದರೆ ಅವಳು ಉಸಿರಾಡಿ ಉಸಿರಾಡಿ ಸೋಲುತ್ತಿದ್ದಾಳೆ ಎಂದೇ ಅರ್ಥ. ಅನುಭವಿ ವೈದ್ಯರು ಇದನ್ನು ನೋಡಿದ ಕೂಡಲೇ ಎಚ್ಚರಾಗುತ್ತಾರೆ.

ಬೆಟ್ಟ ಹತ್ತಿದ ಮೇಬಲ್

ಆಕ್ಸಿಜನ್ ಕಡಿಮೆ ಇರುವ ಜಾಗದಲ್ಲಿ ಉಸಿರಾಟ ಹೇಗೆ ಬದಲಾಗುತ್ತದೆ ಎನ್ನುವ ಕಥೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳ ಹೆಸರು ಮೇಬಲ್ ಫಿಟ್ಜೆರಾಲ್ಡ್. 1872ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವಳು. ಆಕ್ಸ್‌ಫರ್ಡ್‌ನಲ್ಲಿ ಆಗ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲ. ಆದರೂ ಪಾಠಗಳಿಗೆ ಹೋಗಿ ಕೂತು, ಹಾಲ್ಡೇನ್ ಜೊತೆ ಕೆಲಸಕ್ಕೆ ಸೇರಿಕೊಂಡಳು. 1905ರಲ್ಲಿ ಇಬ್ಬರೂ ಸೇರಿ ಆರೋಗ್ಯವಂತರ ಕಾರ್ಬನ್ ಡೈಆಕ್ಸೈಡ್ ಅಳೆದರು. ಹೆಂಗಸರದು ಗಂಡಸರದಕ್ಕಿಂತ ಒಂದಿಷ್ಟು ಕಡಿಮೆ ಎಂದು ಆಗಲೇ ಕಂಡಿತು.

1911ರಲ್ಲಿ ಹಾಲ್ಡೇನ್ ತಂಡ ಅಮೆರಿಕದ ಕೊಲೊರಾಡೊದಲ್ಲಿರುವ ಪೈಕ್ಸ್ ಪೀಕ್ ಶಿಖರಕ್ಕೆ ಹೋಯಿತು. ಎತ್ತರ 4,300 ಮೀಟರ್. ಗಂಡಸರು ಮೇಲೆ ವಾರಗಟ್ಟಲೆ ಉಳಿದು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಮೇಬಲ್ ಶಿಖರದ ಮೇಲಿನ ಆ ತಂಡದಲ್ಲಿರಲಿಲ್ಲ. ಅವಳು ತನ್ನ ಉಪಕರಣಗಳನ್ನು ಹೇಸರಗತ್ತೆಯ ಮೇಲೆ ಹೊರಿಸಿಕೊಂಡು ಕೊಲೊರಾಡೊದ ಗಣಿ ಊರುಗಳನ್ನು ಒಂದೊಂದಾಗಿ ಸುತ್ತಿದಳು. ಬೇರೆ ಬೇರೆ ಎತ್ತರದಲ್ಲಿ ವಾಸವಿದ್ದ ಜನರ ಉಸಿರಿನ ಗಾಳಿ ಮತ್ತು ಹಿಮೋಗ್ಲೋಬಿನ್ ಅಳೆದಳು. ಎತ್ತರ ಏರಿದಂತೆ ಅಲ್ಲಿನವರ ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ಸಿಗುವ ಹಾಗೆ ಇಳಿಯುತ್ತದೆ, ಹಿಮೋಗ್ಲೋಬಿನ್ ಏರುತ್ತದೆ ಎಂದು 1913ರಲ್ಲಿ ಪ್ರಕಟಿಸಿದಳು. ಆ ಅಂಕಿಗಳು ಇವತ್ತಿಗೂ ನಿಲ್ಲುತ್ತವೆ. ಆಕ್ಸ್‌ಫರ್ಡ್ ಅವಳಿಗೆ ಗೌರವ ಪದವಿ ಕೊಟ್ಟದ್ದು 1972ರಲ್ಲಿ. ಆಗ ಅವಳಿಗೆ ನೂರು ವರ್ಷ. ಮರುವರ್ಷ ತೀರಿಕೊಂಡಳು. ಹಾರ್ಮೋನಿನ ಕಥೆಗೆ ಇಷ್ಟೆಲ್ಲ ಬೇಕಿರಲಿಲ್ಲವೇನೋ, ಆದರೆ ಅವಳ ಹೆಸರು ಬಿಟ್ಟು ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಅವಳ ಲೆಕ್ಕದ ಅರ್ಥ ಇಷ್ಟು. ಎತ್ತರದಲ್ಲೂ ಗಾಳಿಯಲ್ಲಿ ಆಕ್ಸಿಜನ್ ಪಾಲು ಅದೇ ಶೇಕಡಾ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಹಾಗಾಗಿ ಒಂದೊಂದು ಉಸಿರಿನಲ್ಲೂ ಸಿಗುವ ಆಕ್ಸಿಜನ್ ಕಡಿಮೆ. ಶ್ವಾಸಕೋಶದ ಪುಟ್ಟ ಚೀಲಗಳನ್ನು ಸೀಟು ಕಡಿಮೆ ಇರುವ ಬಸ್ಸು ಅಂದುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಇಳಿದಷ್ಟೂ ಆಕ್ಸಿಜನ್‌ಗೆ ಸೀಟು ಸಿಗುತ್ತದೆ. ಪೈಕ್ಸ್ ಪೀಕ್ ಎತ್ತರದಲ್ಲಿ ಒಬ್ಬರ ಕಾರ್ಬನ್ ಡೈಆಕ್ಸೈಡ್ 40ರಲ್ಲೇ ಉಳಿದರೆ ಚೀಲದೊಳಗಿನ ಆಕ್ಸಿಜನ್ ಒತ್ತಡ 40ರ ಆಸುಪಾಸಿನಲ್ಲಿರುತ್ತದೆ. ಜೋರಾಗಿ ಉಸಿರಾಡಿ ಅದನ್ನು 28ಕ್ಕೆ ಇಳಿಸಿದರೆ ಆಕ್ಸಿಜನ್ 50 ದಾಟುತ್ತದೆ. ಆಕ್ಸಿಮೀಟರಿನ ಭಾಷೆಯಲ್ಲಿ ಹೇಳುವುದಾದರೆ 70ರ ಆಚೀಚೆ ಇರಬೇಕಾದ ಅಂಕಿ 85ರ ಹತ್ತಿರ ಬರುತ್ತದೆ. ಬದುಕಿಗೂ ಕಾಯಿಲೆಗೂ ನಡುವಿನ ಅಂತರ ಅದು.

ಈಗ ಬಸುರಿಯ ದೇಹ ಮಾಡಿದ್ದನ್ನು ನೆನಪಿಸಿಕೊಳ್ಳಿ. ಉಸಿರಾಟ ಏರಿತು, ಕಾರ್ಬನ್ ಡೈಆಕ್ಸೈಡ್ 30ಕ್ಕೆ ಇಳಿಯಿತು, ಕಿಡ್ನಿ ಕ್ಷಾರವನ್ನು ಹೊರಹಾಕಿತು. ಎತ್ತರಕ್ಕೆ ಹೋದವರ ದೇಹ ಹೊಂದಿಕೊಳ್ಳುವಾಗ ಮಾಡುವುದೂ ಇದನ್ನೇ. ಲೇಹ್‌ಗೆ ಹೋಗುವವರು ನುಂಗುವ ಡೈಮಾಕ್ಸ್ ಮಾತ್ರೆ ಕೂಡ ಕಿಡ್ನಿಯಿಂದ ಕ್ಷಾರ ಹೊರಹಾಕಿಸಿಯೇ ಉಸಿರಾಟವನ್ನು ಏರಿಸುತ್ತದೆ.

ಆಂಡೀಸ್‌ನ ಗಂಡಸರು, ಲೆಡ್‌ವಿಲ್‌ನ ತಾಯಂದಿರು

ಪೆರು ದೇಶದ ಸೆರೊ ಡೆ ಪಾಸ್ಕೊ ಎಂಬ ಗಣಿ ಊರು 4,300 ಮೀಟರ್‌ಗಿಂತ ಎತ್ತರದಲ್ಲಿದೆ. ಅಂಥ ಊರುಗಳಲ್ಲಿ ಹುಟ್ಟಿ ಬೆಳೆದವರಿಗೂ ವಯಸ್ಸಾದಂತೆ ಒಂದು ಕಾಯಿಲೆ ಬರುತ್ತದೆ. ಉಸಿರಾಟ ಮಂದವಾಗುತ್ತದೆ, ಆಕ್ಸಿಜನ್ ಇಳಿಯುತ್ತದೆ, ಅದನ್ನು ಸರಿದೂಗಿಸಲು ದೇಹ ವಿಪರೀತ ಕೆಂಪು ರಕ್ತಕಣ ಮಾಡಿಬಿಡುತ್ತದೆ. ರಕ್ತ ಗಟ್ಟಿಯಾಗಿ ತಲೆನೋವು, ಕಿವಿ ಗುಂಯ್‌ಗುಡುವುದು, ಸುಸ್ತು ಶುರುವಾಗುತ್ತದೆ. 1925ರಲ್ಲಿ ಲಿಮಾದ ಕಾರ್ಲೋಸ್ ಮೋಂಗೆ ಇದನ್ನು ಮೊದಲು ವಿವರಿಸಿದರು. ಗಂಡಸರಲ್ಲಿ ಹಿಮೋಗ್ಲೋಬಿನ್ 21, ಹೆಂಗಸರಲ್ಲಿ 19 ಮುಟ್ಟಿದರೆ ಈ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ 12 ದಾಟಿಸಲು ಒದ್ದಾಡುವ ಹೆಂಗಸರನ್ನು ನೋಡಿದವರಿಗೆ ಇದು ವಿಚಿತ್ರ ಅನಿಸುತ್ತದೆ.

ಮುಟ್ಟು ಇರುವ ವಯಸ್ಸಿನ ಹೆಂಗಸರಲ್ಲಿ ಈ ಕಾಯಿಲೆ ಗಂಡಸರಿಗಿಂತ ಬಹಳ ಕಡಿಮೆ. ಮುಟ್ಟು ನಿಂತ ಮೇಲೆ ಅವರಲ್ಲೂ ಏರುತ್ತದೆ. ಹಾರ್ಮೋನಿದ್ದಷ್ಟು ದಿನ ಉಸಿರಾಟವನ್ನು ಅದು ಎತ್ತಿ ಹಿಡಿದಿತ್ತು ಎನ್ನುವುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಪ್ರತಿ ತಿಂಗಳು ರಕ್ತ ಹೋಗುವುದೂ ಒಂದು ಕಾರಣ ಇರಬಹುದು. ಇದೇ ಜಾಡು ಹಿಡಿದು 1970ರ ದಶಕದಲ್ಲಿ ಕೊಲೊರಾಡೊದ ಲೆಡ್‌ವಿಲ್ ಊರಿನ ರೋಗಿಗಳಿಗೆ ಪ್ರೊಜೆಸ್ಟರಾನ್‌ನ ಬಳಗದ ಒಂದು ಔಷಧ ಕೊಟ್ಟು ನೋಡಿದರು. ಉಸಿರಾಟ ಏರಿತು, ರಕ್ತ ತೆಳುವಾಯಿತು. ಆದರೆ ಗಂಡಸರಿಗೆ ಹೆಣ್ಣಿನ ಹಾರ್ಮೋನನ್ನು ವರ್ಷಗಟ್ಟಲೆ ಕೊಟ್ಟರೆ ಬರುವ ತೊಂದರೆಗಳೂ ಇವೆ. ಹಾಗಾಗಿ ಅದು ಮಾಮೂಲಿ ಚಿಕಿತ್ಸೆಯಾಗಲಿಲ್ಲ.

ಲೆಡ್‌ವಿಲ್ ಇರುವುದು 3,100 ಮೀಟರ್ ಎತ್ತರದಲ್ಲಿ. ಎತ್ತರದ ಊರುಗಳಲ್ಲಿ ಹುಟ್ಟುವ ಮಕ್ಕಳ ತೂಕ ಸರಾಸರಿ ಪ್ರತಿ 1,000 ಮೀಟರಿಗೆ 100 ಗ್ರಾಂನಷ್ಟು ಕಡಿಮೆಯಾಗುತ್ತದೆ. ಲಾರ್ನಾ ಮೂರ್ ಎಂಬ ಸಂಶೋಧಕಿ ಇಲ್ಲಿನ ಬಸುರಿಯರನ್ನು ಅಧ್ಯಯನ ಮಾಡಿದಾಗ, ಬಸಿರಿನಲ್ಲಿ ಉಸಿರಾಟವನ್ನು ಹೆಚ್ಚು ಏರಿಸಿಕೊಂಡ ತಾಯಂದಿರ ಮಕ್ಕಳು ಹೆಚ್ಚು ತೂಕವಿದ್ದವು.

ಕೇದಾರ, ಅಮರನಾಥಕ್ಕೆ ಹೋಗುವ ನಮ್ಮವರಿಗೆ

ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಕೇದಾರನಾಥ ಸುಮಾರು 3,580, ಲೇಹ್ 3,500, ಅಮರನಾಥ ಗುಹೆ 3,880, ಕೈಲಾಸ ಪರಿಕ್ರಮದ ಡೋಲ್ಮಾ ಲಾ 5,600 ಮೀಟರ್ ದಾಟುತ್ತದೆ. ಇಷ್ಟೆಲ್ಲ ಓದಿದ ಮೇಲೆ "ಹೆಂಗಸರಿಗೆ ಹಾರ್ಮೋನಿನ ರಕ್ಷಣೆ ಇದೆ, ಬೆಟ್ಟದ ಕಾಯಿಲೆ ಬರುವುದಿಲ್ಲ" ಎಂದು ಯಾರೂ ತಿಳಿಯಬಾರದು. ಒಂದೇ ಸಮನೆ ಎತ್ತರಕ್ಕೆ ಹೋದಾಗ ಬರುವ ತಲೆನೋವು, ವಾಂತಿ, ನಿದ್ದೆಗೇಡು ಹೆಂಗಸರಿಗೇನೂ ಕಡಿಮೆಯಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುವ ಗಂಭೀರ ತೊಂದರೆ ಮಾತ್ರ ಗಂಡಸರಲ್ಲಿ ಹೆಚ್ಚು. ನಿಧಾನವಾಗಿ ಹತ್ತುವುದು, ತಲೆನೋವು ಜಾಸ್ತಿಯಾದರೆ ಕೆಳಗಿಳಿಯುವುದು ಎಲ್ಲರಿಗೂ ಒಂದೇ ನಿಯಮ.

ಯಾತ್ರೆಗೆ ಹೋಗುವಾಗ ಮುಟ್ಟು ಮುಂದೂಡಲು ಮಾತ್ರೆ ನುಂಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದೂ ಪ್ರೊಜೆಸ್ಟರಾನ್ ಬಳಗದ ಮಾತ್ರೆಯೇ. ಹಾಗೆಂದು ಅದನ್ನು ಉಸಿರಾಟದ ಔಷಧ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಕೇಳಿ ತರುವ ಬದಲು ವೈದ್ಯರ ಹತ್ತಿರ ಮಾತಾಡಿ, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದಿದ್ದರೆ. ಬಸುರಿಯರಂತೂ ಕೇಳದೆ ಹೊರಡಬಾರದು. ಆರು ವಾರ ದಾಟಿದ ಬಸುರಿಯರಿಗೆ ಅಮರನಾಥ ಯಾತ್ರೆಗೆ ನೋಂದಣಿಯನ್ನೇ ಮಾಡುವುದಿಲ್ಲ.

ಪ್ಯಾರಿಸ್‌ನ ಇಬ್ಬರು ಹೆಂಗಸರು

ಹುಟ್ಟಿನಿಂದಲೇ ಉಸಿರಾಟದ ಫ್ಲೋಟು ಕೆಟ್ಟಿರುವ ಒಂದು ಅಪರೂಪದ ಕಾಯಿಲೆ ಇದೆ. ಒಂದು ಜೀನಿನ ದೋಷದಿಂದ ಬರುತ್ತದೆ. ಇವರಿಗೆ ಕಾರ್ಬನ್ ಡೈಆಕ್ಸೈಡ್ ಎಷ್ಟೇ ಏರಿದರೂ ಮೆದುಳಿಗೆ ತಿಳಿಯುವುದಿಲ್ಲ. ಎಚ್ಚರವಿದ್ದಾಗ ಹೇಗೋ ನಡೆಯುತ್ತದೆ. ನಿದ್ದೆ ಹತ್ತಿದರೆ ಉಸಿರಾಟ ಕುಸಿಯುತ್ತದೆ. ಹಾಗಾಗಿ ಜೀವನಪೂರ್ತಿ ಯಂತ್ರದ ಸಹಾಯದಲ್ಲೇ ಮಲಗಬೇಕು.

ಪ್ಯಾರಿಸ್‌ನ ವೈದ್ಯರು 2010ರಲ್ಲಿ ಇಂಥ ಇಬ್ಬರು ಹೆಂಗಸರ ಬಗ್ಗೆ ಬರೆದರು. ಇಬ್ಬರೂ ಗರ್ಭನಿರೋಧಕ್ಕಾಗಿ ಡೆಸೊಜೆಸ್ಟ್ರೆಲ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅದೂ ಪ್ರೊಜೆಸ್ಟರಾನ್ ಬಳಗದ್ದೇ. ಪರೀಕ್ಷೆ ಮಾಡಿದಾಗ, ಯಾವತ್ತೂ ಇಲ್ಲದಿದ್ದ ಸ್ಪಂದನೆ ಅವರಲ್ಲಿ ಕಾಣಿಸಿತು: ಕಾರ್ಬನ್ ಡೈಆಕ್ಸೈಡ್ ಏರಿದಾಗ ಉಸಿರಾಟವೂ ಏರಿತು. ಇದನ್ನು ಎಲ್ಲ ರೋಗಿಗಳಿಗೂ ಆಗುವ ಚಿಕಿತ್ಸೆ ಎನ್ನಲು ಬರುವುದಿಲ್ಲ. ಆದರೆ ಕೆಟ್ಟುಹೋದ ದಾರಿಯ ಪಕ್ಕದಲ್ಲಿ ಇನ್ನೊಂದು ದಾರಿಯನ್ನು ಹಾರ್ಮೋನು ಎಬ್ಬಿಸಬಲ್ಲದು ಎಂಬ ಸುಳಿವು ಸಿಕ್ಕಿತು. ಆ ದಾರಿ ಯಾವುದು ಎಂದು ಪ್ರಾಣಿಗಳ ಮೆದುಳಿನಲ್ಲಿ ಹುಡುಕಾಟ ನಡೆದಿದೆ.

ಅಮ್ಮನ ಗೊರಕೆ

ನಿದ್ದೆಯಲ್ಲಿ ಉಸಿರು ಆಗಾಗ ನಿಂತು ನಿಂತು ಬರುವುದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚುತ್ತದೆ, ಆಕ್ಸಿಜನ್ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆ ಎಚ್ಚರ ಮಾಡಿಸುತ್ತದೆ. ರಾತ್ರಿಯಿಡೀ ಇದೇ ನಡೆದರೆ ಬಿಪಿ ಏರುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ. ಇದು ದಪ್ಪಗಿರುವ ಗಂಡಸರ ಕಾಯಿಲೆ ಎಂದು ಬಹಳ ಜನ ತಿಳಿದಿದ್ದಾರೆ.

2001ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಒಂದು ದೊಡ್ಡ ಅಧ್ಯಯನ ಬಂತು. ಗಂಡಸರಲ್ಲಿ ಶೇಕಡಾ 3.9 ಮಂದಿಗೆ, ಮುಟ್ಟು ಇರುವ ಹೆಂಗಸರಲ್ಲಿ 0.6 ಮಂದಿಗೆ ಈ ತೊಂದರೆ ಇತ್ತು. ಮುಟ್ಟು ನಿಂತು ಹಾರ್ಮೋನು ತೆಗೆದುಕೊಳ್ಳದವರಲ್ಲಿ ಅದು 2.7. ಹಾರ್ಮೋನು ತೆಗೆದುಕೊಳ್ಳುತ್ತಿದ್ದವರಲ್ಲಿ 0.5. ಹಾರ್ಮೋನು ತೆಗೆದುಕೊಳ್ಳುವ ಹೆಂಗಸರು ಬೇರೆ ರೀತಿಯಲ್ಲೂ ಆರೋಗ್ಯವಾಗಿದ್ದಿರಬಹುದು, ಆದ್ದರಿಂದ ಎಲ್ಲ ಶ್ರೇಯಸ್ಸನ್ನು ಹಾರ್ಮೋನಿಗೇ ಕೊಡಲಾಗದು. ಪ್ರೊಜೆಸ್ಟರಾನ್ ಇರುವ ದಿನಗಳಲ್ಲಿ ನಾಲಿಗೆಯ ಬುಡದ ಸ್ನಾಯು ಹೆಚ್ಚು ಬಿಗಿಯಾಗಿರುತ್ತದೆ ಎಂಬುದು ಬೇರೆಯಾಗಿಯೇ ಅಳೆದು ತಿಳಿದ ವಿಷಯ. ಗಂಟಲಿನ ದಾರಿಯನ್ನು ತೆರೆದಿಡುವುದು ಅದೇ ಸ್ನಾಯು. ಆದರೂ ಸ್ಲೀಪ್ ಆಪ್ನಿಯಾಗೆಂದೇ ಹಾರ್ಮೋನು ಮಾತ್ರೆ ಕೊಡುವ ಪದ್ಧತಿ ಇಲ್ಲ. ಅದಕ್ಕೆ ರಾತ್ರಿ ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರ ಇದೆ.

ಹೆಂಗಸರಲ್ಲಿ ಇದು ಜೋರು ಗೊರಕೆಯಾಗಿಯೇ ಕಾಣಬೇಕೆಂದಿಲ್ಲ. ಬೆಳಗ್ಗೆ ಎದ್ದಾಗ ತಲೆನೋವು, ದಿನವಿಡೀ ಸುಸ್ತು, ರಾತ್ರಿ ಪದೇ ಪದೇ ಎಚ್ಚರವಾಗುವುದು, ಮನಸ್ಸು ಮಂಕಾಗಿರುವುದು. ಇದನ್ನೆಲ್ಲ "ಮುಟ್ಟು ನಿಲ್ಲೋ ವಯಸ್ಸು, ಹಾಗೇ ಇರುತ್ತೆ" ಎಂದು ನಮ್ಮ ಮನೆಗಳಲ್ಲಿ ತಳ್ಳಿಹಾಕುವುದೇ ಜಾಸ್ತಿ. ನಮ್ಮ ಅಮ್ಮನ ವಿಷಯದಲ್ಲೂ ನಾವು ಎರಡು ವರ್ಷ ಹಾಗೇ ಅಂದುಕೊಂಡಿದ್ದೆವು. ಬಾಣಂತನಕ್ಕೆ ಬಂದಿದ್ದ ತಂಗಿ ರಾತ್ರಿ ಮಗುವಿಗೆ ಹಾಲು ಕುಡಿಸಲು ಎದ್ದಾಗಲೆಲ್ಲ ಪಕ್ಕದಲ್ಲಿ ಮಲಗಿದ್ದ ಅಮ್ಮನ ಉಸಿರು ನಿಂತು ನಿಂತು ಬರುವುದನ್ನು ಕೇಳಿಸಿಕೊಂಡಳು. ಮಾಸು ಬಿದ್ದ ಮೇಲೆ ಅವಳ ಹಾರ್ಮೋನು ಇಳಿದು, ಅವಳ ಏದುಸಿರು ಅಷ್ಟರಲ್ಲಿ ಹೋಗಿತ್ತು. ಡ್ರಾಯರಿನ ಆಕ್ಸಿಮೀಟರನ್ನು ಬಟ್ಟೆಬರೆಯ ಜೊತೆ ತಂದಿದ್ದಳು. ಒಂದು ರಾತ್ರಿ ಅದನ್ನು ಅಮ್ಮನ ಬೆರಳಿಗೆ ಹಾಕಿ ಕೂತು ನೋಡಿದಳು. ಅಂಕಿ 84ಕ್ಕೆ ಇಳಿದು ಮತ್ತೆ ಏರಿತು. ಮರುವಾರ ಅಮ್ಮನನ್ನು ನಿದ್ದೆಯ ಪರೀಕ್ಷೆಗೆ ಕರೆದುಕೊಂಡು ಹೋದೆವು.